ಮೂಲೆಯ ಬೆಸುಗೆ ಮೊದಲು ಬಿಡುವುದು ಯಾಕೆ?

ಹಳೆಯ ಡಬ್ಬಾ ಟಿವಿ ಕೈಕೊಟ್ಟಾಗ ನೆತ್ತಿಯ ಮೇಲೊಂದು ತಟ್ಟಿದರೆ ಚಿತ್ರ ವಾಪಸ್ ಬರುತ್ತಿತ್ತು, ನೆನಪಿದೆಯಾ? ರಿಪೇರಿಯವರು ಬೋರ್ಡ್ ತಿರುಗಿಸಿ ನೋಡಿ, "ಡ್ರೈ ಸೋಲ್ಡರ್ ಆಗಿದೆ" ಅನ್ನುತ್ತಿದ್ದರು. ಎಷ್ಟೋ ಸಲ ಅಲ್ಲಿ ಆಗಿರುತ್ತಿದ್ದದ್ದು ಬೆಸುಗೆಯೊಳಗೊಂದು ಕೂದಲೆಳೆಯಂಥ ಬಿರುಕು. ತಟ್ಟಿದಾಗ ಅದರ ಎರಡು ಅಂಚು ಮತ್ತೆ ತಾಗಿ ಕರೆಂಟ್ ಹರಿಯುತ್ತಿತ್ತು.

ಆ ಬಿರುಕಿಗೆ ಕಾರಣ ನಾವೆಲ್ಲ ಶಾಲೆಯಲ್ಲಿ ಓದಿದ ಪಾಠವೇ: ಬಿಸಿಯಾದರೆ ವಸ್ತುಗಳು ಹಿಗ್ಗುತ್ತವೆ.

ಈಗಿನ ಬೋರ್ಡ್‌ಗಳಲ್ಲಿ ಅನೇಕ ಚಿಪ್‌ಗಳು ಪುಟ್ಟ ಪುಟ್ಟ ಬೆಸುಗೆ ಗುಂಡುಗಳ ಮೇಲೆ ಕೂತಿರುತ್ತವೆ. ಸೆರಾಮಿಕ್ ಕವಚದ ಚಿಪ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 6 ಪಾಲು ಹಿಗ್ಗುತ್ತದೆ. ಕೆಳಗಿರುವ ಫೈಬರ್‌ಗ್ಲಾಸ್ ಬೋರ್ಡ್ ಸುಮಾರು 16 ಪಾಲು ಹಿಗ್ಗುತ್ತದೆ. ಲೆಕ್ಕ ಹಾಕೋಣ. ಚಿಪ್‌ನ ನಡುವಿನಿಂದ ಮೂಲೆಗೆ 10 ಮಿಲಿಮೀಟರ್, ಬಿಸಿ ಏರಿದ್ದು 60 ಡಿಗ್ರಿ ಅಂದುಕೊಳ್ಳಿ. ಮೂಲೆಯಲ್ಲಿ ಎರಡರ ನಡುವೆ 6 ಮೈಕ್ರೋಮೀಟರ್ ಎಳೆದಾಟ. ತಲೆಗೂದಲ ದಪ್ಪದ ಹತ್ತನೇ ಒಂದು ಪಾಲೂ ಇಲ್ಲ. ಆದರೆ ಆ ಎಳೆತವನ್ನೆಲ್ಲ ತಡೆದುಕೊಳ್ಳಬೇಕಾದದ್ದು ನಡುವೆ ಸಿಕ್ಕಿಬಿದ್ದ ಮೆತ್ತನೆಯ ಬೆಸುಗೆ. ನಡುವಿನಿಂದ ದೂರ ಹೋದಷ್ಟೂ ಎಳೆತ ಹೆಚ್ಚು. ಅದಕ್ಕೇ ಸಾಮಾನ್ಯವಾಗಿ ಮೂಲೆಯ ಗುಂಡು ಮೊದಲು ಬಿರಿಯುತ್ತದೆ.

ಒಂದು ಸಲಕ್ಕೆ ಏನೂ ಆಗುವುದಿಲ್ಲ. ಆದರೆ ಯಂತ್ರ ಆನ್ ಆದಾಗ ಬಿಸಿ, ಆಫ್ ಆದಾಗ ತಂಪು. ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೆ ತುಂಡಾಗುವ ಹಾಗೆ, ಬೆಸುಗೆಯೂ ದಣಿಯುತ್ತದೆ. 1950ರ ದಶಕದಲ್ಲಿ ಅಮೆರಿಕದ ಸಂಶೋಧಕರಾದ ಕಾಫಿನ್ ಮತ್ತು ಮ್ಯಾನ್ಸನ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಲೋಹದ ಈ ದಣಿವಿಗೊಂದು ಸೂತ್ರ ಕಂಡುಕೊಂಡರು. ಸರಿಸುಮಾರಾಗಿ ಹೇಳುವುದಾದರೆ, ಪ್ರತಿ ಸುತ್ತಿನ ಎಳೆತ ಎರಡು ಪಟ್ಟಾದರೆ ಬಾಳಿಕೆ ಕಾಲುಭಾಗಕ್ಕೆ ಇಳಿಯುತ್ತದೆ. ಎಂಜಿನಿಯರುಗಳು ಬೋರ್ಡ್‌ಗಳನ್ನು ಮೈನಸ್ 40ರಿಂದ 125 ಡಿಗ್ರಿವರೆಗೆ ಮತ್ತೆ ಮತ್ತೆ ಕಾಯಿಸಿ ತಣಿಸಿ, ಎಷ್ಟು ಸುತ್ತುಗಳಾದ ಮೇಲೆ ಬಿರುಕು ಬರುತ್ತದೆ ಎಂದು ಎಣಿಸುತ್ತಾರೆ. ವರ್ಷಗಳ ಸವೆತವನ್ನು ವಾರಗಳಲ್ಲಿ ನೋಡುವ ದಾರಿ ಇದು. ಕೆಲವು ಚಿಪ್‌ಗಳ ಅಡಿಗೆ ಎಪಾಕ್ಸಿ ಅಂಟು ತುಂಬಿ ಎಳೆತವನ್ನು ಎಲ್ಲ ಗುಂಡುಗಳಿಗೂ ಹಂಚುತ್ತಾರೆ.

ಈಗ ನನ್ನ ಮುಖ್ಯ ಮಾತು. ನಮ್ಮ ತರಗತಿಗಳಲ್ಲಿ ಉಷ್ಣ ವಿಕಸನದ ಪಾಠ ಹೆಚ್ಚಾಗಿ ವ್ಯಾಖ್ಯೆ ಮತ್ತು ರೈಲು ಹಳಿಯ ಸಂದಿಗೆ ಮುಗಿದುಬಿಡುತ್ತದೆ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ವಸ್ತುಗಳನ್ನು ಬೆಸೆದರೆ ಎಷ್ಟು ದಿನ ಬಾಳುತ್ತದೆ ಎಂದು ಮಕ್ಕಳನ್ನು ನಾವು ಕೇಳುವುದೇ ಅಪರೂಪ. ಹಾಗೆ ಕೇಳಿ ಕಲಿಸಿದ ಪರಂಪರೆ ನಮ್ಮ ದೇಶದಲ್ಲೇ ಇದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್‌ನ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳು ಅಗ್ಗದ ಕಿಟ್ ಹಿಡಿದು ತಾವೇ ಪ್ರಯೋಗ ಮಾಡಿ ಉತ್ತರ ಹುಡುಕಿದರು. ಪರೀಕ್ಷೆಗೆ ಪುಸ್ತಕ ತೆಗೆದುಕೊಂಡು ಹೋಗಬಹುದಿತ್ತು, ಏಕೆಂದರೆ ಅಳೆಯುತ್ತಿದ್ದದ್ದು ನೆನಪಿನ ಶಕ್ತಿಯನ್ನಲ್ಲ.

ಶಿಕ್ಷಕರೇ, ನಿಮ್ಮ ಶಾಲೆಯಲ್ಲಿ ಕೆಟ್ಟ ರಿಮೋಟ್ ಇದ್ದರೆ ಬಿಸಾಡಬೇಡಿ. ಸೆಲ್ ತೆಗೆದು, ಬಿಚ್ಚಿ, ಭೂತಗನ್ನಡಿ ಕೊಡಿ. ಟಿವಿ, ಚಾರ್ಜರ್, ಮೊಬೈಲ್ ಬ್ಯಾಟರಿ ಮಾತ್ರ ಬೇಡ, ಅವು ಅಪಾಯ. ಯಾವ ಬೆಸುಗೆ ಮೊದಲು ಬಿಡಬಹುದು, ಯಾಕೆ ಎಂದು ಮಕ್ಕಳೇ ವಾದ ಮಾಡಲಿ. ಕಾರಣ ಸಮೇತ ಬಿರುಕಿನ ಜಾಗವನ್ನು ಊಹಿಸಬಲ್ಲ ಮಗುವಿಗೆ ಆ ಪಾಠ ಅರ್ಥವಾಗಿದೆ. ಮುಂದೆ ಹೆಚ್ಚು ಕಾಲ ಬಾಳುವ ಯಂತ್ರ ಕಟ್ಟುವವರೂ ಅಂಥ ಮಕ್ಕಳೇ.