ಗೆಲಾಕ್ಸಿಯ ತೋಳು ಎಷ್ಟು ವೇಗವಾಗಿ ತಿರುಗುತ್ತದೆ?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಸಾಫ್ಟ್‌ವೇರ್ ಕೆಲಸದವನು, ಖಗೋಳ ವಿಜ್ಞಾನಿಯಲ್ಲ. ಬಿಡುವಿನಲ್ಲಿ ಓದಿ ಬೆರಗಾದ ಒಂದು ಲೆಕ್ಕವನ್ನು ಇಂದು ನಿಮ್ಮ ಮುಂದಿಡುತ್ತೇನೆ.

1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ತಮ್ಮ ದೊಡ್ಡ ದೂರದರ್ಶಕದಲ್ಲಿ ನೋಡಿ, ಇಂದು ನಾವು ಎಂ51 ಎನ್ನುವ ಗೆಲಾಕ್ಸಿಯ ಸುರುಳಿ ತೋಳುಗಳ ಚಿತ್ರ ಬರೆದರು. ಆ ತೋಳುಗಳು ತಿರುಗುವ ವೇಗವೆಷ್ಟು?

ನಕ್ಷತ್ರ, ಅನಿಲಗಳ ವೇಗ ಅಳೆಯಲು ದಾರಿಯಿದೆ. ನಮ್ಮತ್ತ ಬರುವುದರ ಬೆಳಕು ನೀಲಿಯ ಕಡೆಗೆ, ದೂರ ಹೋಗುವುದರ ಬೆಳಕು ಕೆಂಪಿನ ಕಡೆಗೆ ಸರಿಯುತ್ತದೆ. ಇದೇ ಡಾಪ್ಲರ್ ಪರಿಣಾಮ. ಆದರೆ ನಕ್ಷತ್ರದ ವೇಗ ತೋಳಿನ ವೇಗವಲ್ಲ. ಒಳಗಿನ ನಕ್ಷತ್ರಗಳು ಬೇಗ ಸುತ್ತು ಮುಗಿಸುತ್ತವೆ, ಹೊರಗಿನವು ತಡವಾಗಿ. ಯಾವಾಗಲೂ ಅದೇ ನಕ್ಷತ್ರಗಳು ತೋಳಿನಲ್ಲಿದ್ದರೆ, ಕೆಲವೇ ಸುತ್ತುಗಳಲ್ಲಿ ಅದು ಬಿಗಿಯಾಗಿ ಸುತ್ತಿಕೊಂಡು ಕಾಣದಂತಾಗಬೇಕಿತ್ತು. 1964ರಲ್ಲಿ ಲಿನ್ ಮತ್ತು ಶು ಎಂಬ ವಿಜ್ಞಾನಿಗಳು ತೋಳು ಒಂದು ಅಲೆ ಎಂದು ವಿವರಿಸಿದರು. ಗಾಳಿ ಬೀಸಿದಾಗ ಭತ್ತದ ಗದ್ದೆಯಲ್ಲಿ ಅಲೆ ಓಡುತ್ತದೆ, ಪೈರು ಮಾತ್ರ ಬೇರೂರಿದಲ್ಲೇ ಇರುತ್ತದೆ. ಹಾಗೆಯೇ ಅಲೆಯ ವೇಗ ಬೇರೆ, ನಕ್ಷತ್ರದ ವೇಗ ಬೇರೆ. ನಕ್ಷತ್ರಗಳು ತೋಳನ್ನು ಹೊಕ್ಕು ಹೊರಬರುತ್ತಿರುತ್ತವೆ.

ಒಂದು ಸುತ್ತಿಗೆ ಕೋಟ್ಯಂತರ ವರ್ಷ ಬೇಕು. ಯಾರು ಕಾಯುವುದು? 1984ರಲ್ಲಿ ಟ್ರಿಮೇನ್ ಮತ್ತು ವೈನ್‌ಬರ್ಗ್ ಕಾಯದೆ ಅಳೆಯುವ ದಾರಿ ತೋರಿಸಿದರು. ಓರೆಯಾಗಿ ಕಾಣುವ ಗೆಲಾಕ್ಸಿಯ ಚಿತ್ರದ ಮೇಲೆ ಉದ್ದನೆಯ ಅಕ್ಷಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯಿರಿ. ಗೆರೆಯ ಪ್ರತಿ ಬಿಂದುವಿನಲ್ಲೂ ಪ್ರಕಾಶ, ಕೇಂದ್ರಕ್ಕೆ ಹೋಲಿಸಿದ ವೇಗ, ಮಧ್ಯರೇಖೆಯಿಂದ ಇರುವ ದೂರ ಇವನ್ನು ಪ್ಲಸ್, ಮೈನಸ್ ಚಿಹ್ನೆ ಸಮೇತ ಬರೆದುಕೊಳ್ಳಿ. ಹೆಚ್ಚು ಪ್ರಕಾಶವಿದ್ದಲ್ಲಿ ಹೆಚ್ಚು ತೂಕ ಕೊಟ್ಟು ಸರಾಸರಿ ವೇಗ, ಸರಾಸರಿ ದೂರ ತೆಗೆಯಿರಿ. ವೇಗವನ್ನು ದೂರದಿಂದ ಭಾಗಿಸಿ, ಗೆಲಾಕ್ಸಿ ಓರೆಯಾಗಿರುವ ಕೋನದ ಸೈನ್ ಬೆಲೆಯಿಂದ ಮತ್ತೊಮ್ಮೆ ಭಾಗಿಸಿದರೆ ತೋಳಿನ ವೇಗ ಸಿಗುತ್ತದೆ. ಒಂದು ಮುಖ್ಯ ಷರತ್ತು: ನಾವು ಅಳೆಯುವ ವಸ್ತು ದಾರಿಯಲ್ಲಿ ಹೊಸದಾಗಿ ಹುಟ್ಟಬಾರದು, ಇದ್ದದ್ದು ಅಳಿಯಬಾರದು.

2004ರಲ್ಲಿ ಎಂ51ರ ಅನಿಲವನ್ನು ಹೀಗೆ ಅಳೆದಾಗ, ಪ್ರತಿ 3,260 ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಸುಮಾರು 38 ಕಿಲೋಮೀಟರ್ ಎಂಬ ಉತ್ತರ ಬಂತು. ಅಂದರೆ ಒಂದು ಸುತ್ತಿಗೆ ಸುಮಾರು 16 ಕೋಟಿ ವರ್ಷ! ತೋಳಿನ ಉದ್ದಕ್ಕೂ ಇದೇ ವೇಗವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಮಕ್ಕಳೇ, ಸರಾಸರಿ, ಭಾಗಾಕಾರ, ಸೈನ್ ಇವೆಲ್ಲ ನಿಮ್ಮ ಹತ್ತನೇ ತರಗತಿಯ ಗಣಿತದಲ್ಲೇ ಇವೆ. ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ ಎಂದು ಹಿಂಜರಿಯಬೇಡಿ. ಹಿರಿಯರಲ್ಲಿ ನನ್ನ ಕೋರಿಕೆಯೂ ಒಂದೇ. ಎಸ್ಸೆಸ್ಸೆಲ್ಸಿ ಆದಮೇಲೆ "ಸೈನ್ಸ್ ಕಷ್ಟ, ಕಾಲೇಜು ದೂರ" ಎಂದು ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ತಡೆಯಬೇಡಿ. ಉಳಿದಿರುವ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಈ ಬೆಂಚುಗಳಲ್ಲೂ ಕೂತಿರಬಹುದು.