ಮಕ್ಕಳ ಪ್ರಬಂಧಕ್ಕೆ ಅಂಕ ಕೊಡುವಾಗ

(ಶಿಕ್ಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನಾನು ಭಾಷಾ ಪಂಡಿತನಲ್ಲ. ಸರ್ಕಾರಿ ಇಂಜಿನಿಯರಾಗಿ ಕೆರೆ, ಸೇತುವೆ, ರಸ್ತೆ ಎಂದು ದುಡಿದು ನಿವೃತ್ತನಾದವನು. ಪ್ರೌಢಶಾಲಾ ಮಕ್ಕಳ ಪ್ರಬಂಧಗಳನ್ನು ನೋಡುವ ಸಮಿತಿಯಲ್ಲಿ ನನ್ನನ್ನೂ ಕೂರಿಸಿದ್ದೀರಿ. ಓದುವಾಗ ಅನ್ನಿಸಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಕೊಟ್ಟ ಕೃತಿ ಶಿವರಾಮ ಕಾರಂತರ ‘ಚೋಮನ ದುಡಿ’, 1933ರ ಕಾದಂಬರಿ. ಚೋಮನ ಬಳಿ ಎತ್ತುಗಳಿವೆ, ದುಡಿಯುವ ತೋಳಿದೆ. ಉಳಲು ತುಂಡು ಭೂಮಿಯಿಲ್ಲ. ಅಸ್ಪೃಶ್ಯನಾಗಿ ಹುಟ್ಟಿದವನು ಬೇಸಾಯಗಾರನಾಗಬಾರದೆಂಬುದು ಊರ ಕಟ್ಟಳೆ. ಒಡೆಯ ಸಂಕಪ್ಪಯ್ಯನಿಗೆ ಕೊಡುವ ಮನಸ್ಸಿದೆ. ತಾಯಿ ಒಪ್ಪುವುದಿಲ್ಲ, ಅವನು ಹಿಂದೆ ಸರಿಯುತ್ತಾನೆ. ಮಕ್ಕಳಿಗೆ ಕೇಳಿದ ಪ್ರಶ್ನೆ: ಸಂಕಪ್ಪಯ್ಯ ತಾಯಿಯ ಮಾತು ಮೀರಿ ಭೂಮಿ ಕೊಡಬೇಕಿತ್ತೇ? ಓದುವವರು ಒಪ್ಪುವಂತೆ ಬರೆಯಿರಿ.

ಹೆಚ್ಚಿನ ಮಕ್ಕಳು ‘ಕೊಡಬೇಕಿತ್ತು’ ಎಂದರು. ನಮಗೆಲ್ಲ ಸಂತೋಷ. ಆದರೆ ಹಲವು ಪ್ರಬಂಧಗಳಲ್ಲಿ ಚೋಮನೇ ಇಲ್ಲ! ಬಸವಣ್ಣನವರ ಹೆಸರಿದೆ, ಅನುಭವ ಮಂಟಪವಿದೆ, ಸಮಾನತೆ ಎಂಬ ಪದ ಹತ್ತು ಸಲ ಬಂದಿದೆ. ಕಾದಂಬರಿಯ ಒಂದು ಘಟನೆಯೂ ಇಲ್ಲ. ಮಠದ ಸ್ಪರ್ಧೆಯೆಂದು ತಿಳಿದು, ನಮಗೆ ಹಿಡಿಸುವುದನ್ನು ಬರೆದಿದ್ದಾರೆ.

ಒಬ್ಬ ಹುಡುಗ ಮಾತ್ರ ‘ಕೊಡದಿದ್ದುದೇ ಸರಿ’ ಎಂದ. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ಜಾತಿಯ ಕಾರಣಕ್ಕೆ ಯಾರೂ ಕೈಹಿಡಿದು ಎತ್ತಲಿಲ್ಲ. ಅಂಥ ಊರಿನಲ್ಲಿ ಗದ್ದೆ ಕೊಟ್ಟರೆ ಅದಕ್ಕೆ ನೀರು ಬಿಡುವವರು ಯಾರು, ಊರಿನ ಸಿಟ್ಟು ಚೋಮನ ಮೇಲೆಯೇ ಬೀಳುವುದಿಲ್ಲವೇ ಎಂದು ಕೇಳಿದ. ಅವನ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಊರಿಗೆ ಹೆದರಿ ನ್ಯಾಯವನ್ನು ಮುಂದೂಡುವುದಾದರೆ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರ ಬೀಗತನವೇ ನಡೆಯುತ್ತಿರಲಿಲ್ಲ. ಆದರೂ ಅವನು ಪುಸ್ತಕ ಓದಿದ್ದಾನೆ, ಯೋಚಿಸಿದ್ದಾನೆ. ಅವನಿಗೆ ನಾವು ಕೊಡಬೇಕಾದದ್ದು ಉತ್ತರ. ಅಂಕ ಕತ್ತರಿಸಿದರೆ ಅದು ಉತ್ತರವಾಗುವುದಿಲ್ಲ.

ಇಲಾಖೆಯಲ್ಲಿ ಬಿಲ್ಲಿನ ಕೊನೆಯ ಮೊತ್ತ ನೋಡಿ ಸಹಿ ಹಾಕುವಂತಿಲ್ಲ. ಅಳತೆ ಪುಸ್ತಕ ತೆರೆದು ಉದ್ದ, ಅಗಲ, ಆಳ ನೋಡಬೇಕು. ಅಳತೆಯೇ ಇಲ್ಲದ ಮೊತ್ತ ಎಷ್ಟು ಸರಿಯಾಗಿ ಕಂಡರೂ ಹಣ ಬಿಡುಗಡೆಯಾಗದು. ಪ್ರಬಂಧಕ್ಕೂ ಹೀಗೊಂದು ಅಳತೆ ಇರಲಿ. 25 ಅಂಕಗಳಲ್ಲಿ ನಿಲುವು ಸ್ಪಷ್ಟವಾಗಿದ್ದರೆ 3, ಅದು ಯಾವ ನಿಲುವಾದರೂ ಸರಿ. ಕಾದಂಬರಿಯಿಂದ ಕೊಟ್ಟ ಆಧಾರಕ್ಕೆ 8. ಎದುರು ಪಕ್ಷದವರ ಬಲವಾದ ಮಾತನ್ನು ತಾನೇ ಎತ್ತಿ ಉತ್ತರಿಸಿದರೆ 6. ಒಂದು ಮಾತಿನಿಂದ ಇನ್ನೊಂದು ಹೊರಡುವಂತೆ ಜೋಡಿಸಿದ್ದಕ್ಕೆ 5. ಭಾಷೆಗೆ 3.

ಭಾಷೆಗೆ ಮೂರೇ ಏಕೆ ಎನ್ನಬಹುದು. ಪಾವಗಡದ ಸುತ್ತ ಮೂರು ಕಡೆ ಆಂಧ್ರದ ಗಡಿ. ಅಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಬಹಳ. ಶಿರಾದಲ್ಲಿ ಉರ್ದು ಮಾತಿನ ಮನೆಗಳಿವೆ. ನಮ್ಮ ಹಳ್ಳಿಗಳಲ್ಲಿ ‘ಹಸು’ ಎಂಬುದು ‘ಅಸು’ ಆಗುತ್ತದೆ. ತಪ್ಪನ್ನು ತಿದ್ದೋಣ. ಆದರೆ ಕಾಗುಣಿತಕ್ಕಾಗಿ ವಿಚಾರವನ್ನೇ ಸೋಲಿಸುವುದು ಬೇಡ.

ಕೊನೆಯದಾಗಿ ಒಂದು ಪ್ರಬಂಧದ ವಿಷಯ. ಒಬ್ಬಳು ಹುಡುಗಿ ಬರೆದಿದ್ದಾಳೆ: ನಮ್ಮ ಮನೆಯಲ್ಲಿ ಬಸವಣ್ಣನವರ ಫೋಟೊ ಇದೆ, ಕಡ್ಲೇಕಾಯಿ ಕೀಳಲು ಬರುವವರಿಗೆ ಬೇರೆ ಲೋಟವೂ ಇದೆ. ಅಜ್ಜಿಯನ್ನು ಕೇಳಿದರೆ ಸಂಕಪ್ಪಯ್ಯನ ತಾಯಿಯ ಮಾತನ್ನೇ ಆಡುತ್ತಾರೆ. ಅಜ್ಜಿ ಕೆಟ್ಟವರಲ್ಲ, ಅದಕ್ಕೇ ಎದುರು ಹೇಳುವುದು ಕಷ್ಟ. ಸಂಕಪ್ಪಯ್ಯನ ಕಷ್ಟ ನನಗೆ ಗೊತ್ತು, ಆದರೂ ಅವನು ಭೂಮಿ ಕೊಡಬೇಕಿತ್ತು.

ಇದು ಸಮಾಜಕ್ಕೆ ಮುಜುಗರ ತರುವಂಥದ್ದು, ಬದಿಗಿಡೋಣ ಎಂಬ ಮಾತು ಬಂತು. ಬಂಧುಗಳೇ, ಮುಜುಗರ ಇರುವುದು ಆ ಲೋಟದಲ್ಲಿ, ಪ್ರಬಂಧದಲ್ಲಲ್ಲ. ಎದುರು ಪಕ್ಷವನ್ನು ಇಷ್ಟು ಪ್ರೀತಿಯಿಂದ ಅರ್ಥಮಾಡಿಕೊಂಡು, ತನ್ನ ನಿಲುವನ್ನೂ ಬಿಡದೆ ಬರೆದ ಇನ್ನೊಂದು ಪ್ರಬಂಧ ಆ ಕಟ್ಟಿನಲ್ಲಿರಲಿಲ್ಲ. ನನ್ನ ಅಳತೆಯಲ್ಲಿ ಅದಕ್ಕೆ 22 ಅಂಕ. ಜೊತೆಗೊಂದು ವಿನಂತಿ: ಅದನ್ನು ವೇದಿಕೆಯಲ್ಲಿ ಓದಿಸುವುದು ಬೇಡ, ಅಚ್ಚು ಹಾಕುವುದೂ ಬೇಡ. ಇಲ್ಲಿ ನಾನು ಹೇಳಿದ್ದರಲ್ಲೂ ಆಕೆಯ ಗುರುತು ಸಿಗದು. ಬಹುಮಾನ ಹಿಡಿದು ಆ ಮಗು ಅದೇ ಮನೆಗೆ, ಅದೇ ಅಜ್ಜಿಯ ಬಳಿಗೆ ಹೋಗಬೇಕು.

ಶರಣರು ನುಡಿಗಿಂತ ನಡೆಯನ್ನು ಕೇಳಿದವರು. ನಮ್ಮ ಮಕ್ಕಳು ನಮ್ಮ ಮಾತನ್ನೇ ನಮಗೆ ಒಪ್ಪಿಸುವುದಕ್ಕೆ ಅಂಕ ಕೊಟ್ಟರೆ, ಅವರು ನುಡಿಯನ್ನಷ್ಟೇ ಕಲಿಯುತ್ತಾರೆ. ಕಟ್ಟುಗಳು ನಿಮ್ಮ ಮುಂದಿವೆ. ಓದಿ, ಅಳೆದು, ಅಂಕ ಹಾಕೋಣ. ಆ ಲೋಟದ ಮಾತನ್ನು ದೊಡ್ಡವರಾದ ನಾವು ನಮ್ಮ ನಮ್ಮ ಮನೆಗಳಲ್ಲಿ ಎತ್ತೋಣ. ಅದನ್ನು ಮಕ್ಕಳ ಹೆಗಲಿಗೆ ಬಿಡುವುದು ಬೇಡ.