ಒಂದೇ ಪಂಕ್ತಿ

ಬಾಣಂತಿ ಮನೆಯಲ್ಲಿ ಕೂಸಿನ ಕಾಲಿಗೆ ಎಣ್ಣೆ ಹಚ್ಚಿ ನೀವುವ ಅಜ್ಜಿಯರನ್ನು ನೀವು ಕಂಡಿರುತ್ತೀರಿ. ಅಮೆರಿಕದ ಟೆನೆಸಿ ರಾಜ್ಯದ ಒಂದು ಬಡ ಮನೆಯಲ್ಲೂ ಕಾಲು ನೀವುವ ಕೆಲಸ ನಡೆದಿತ್ತು. ಒಂದೆರಡು ತಿಂಗಳಲ್ಲ, ವರ್ಷಗಟ್ಟಲೆ.

ಆ ಕಾಲು ವಿಲ್ಮಾ ರುಡಾಲ್ಫ್ ಅವರದು. 1940ರಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದವರು. ಹುಟ್ಟಿದಾಗಿನ ತೂಕ ಬರೀ 2 ಕಿಲೋ. ತಂದೆಯ 22 ಮಕ್ಕಳಲ್ಲಿ 20ನೆಯವರು. ಎಳವೆಯಲ್ಲೇ ಪೋಲಿಯೊ ಬಂದು ಎಡಗಾಲು ಸೋತಿತು, ಕಾಲಿಗೆ ಆಸರೆಯ ಕ್ಯಾಲಿಪರ್ ಬಂತು. ತಾಯಿ ಬ್ಲಾಂಚ್ ಬಿಳಿಯರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಊರಾದ ಕ್ಲಾರ್ಕ್ಸ್‌ವಿಲ್‌ನಲ್ಲಿ ಕಪ್ಪು ಮಕ್ಕಳಿಗೆ ಪೋಲಿಯೊ ಚಿಕಿತ್ಸೆ ಇರಲಿಲ್ಲ. 80 ಕಿಲೋಮೀಟರ್ ದೂರದ ನ್ಯಾಶ್‌ವಿಲ್‌ಗೆ ವಾರವಾರ ಬಸ್ಸು. ಕಪ್ಪು ಜನ ಹಿಂದಿನ ಸೀಟಿನಲ್ಲೇ ಕೂರಬೇಕಾದ ಬಸ್ಸು. ಮನೆಗೆ ಬಂದರೆ ದಿನಕ್ಕೆ 4 ಸಲ ಆ ಕಾಲನ್ನು ನೀವಬೇಕು. ಅಮ್ಮನ ಕೈ ಸೋತರೆ ಅಕ್ಕ, ಅಕ್ಕನ ಕೈ ಸೋತರೆ ಅಣ್ಣ. ವಿಲ್ಮಾ ಕಥೆ ಹೇಳುವವರು ಛಲ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಮಾತ್ರ ಮೊದಲು ಕಾಣುವುದು ಆ ಕೈಗಳು.

ಸೋತ ಆ ಕಾಲೇ ಮುಂದೆ ಓಟಕ್ಕಿಳಿಯಿತು. 16ನೇ ವಯಸ್ಸಿಗೆ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ರಿಲೇ ಕಂಚು. ನಾಲ್ಕು ವರ್ಷ ಕಳೆದು ರೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ, 200 ಮೀಟರ್ ಚಿನ್ನ. ನೂರು ಮೀಟರನ್ನು 11 ಸೆಕೆಂಡಿನಲ್ಲಿ ಮುಗಿಸಿದರೂ ಅದು ದಾಖಲೆಯಾಗಲಿಲ್ಲ, ಬೆನ್ನಿಗೆ ಗಾಳಿ ಹೆಚ್ಚಿತ್ತಂತೆ! ರಿಲೇ ಫೈನಲ್‌ನಲ್ಲಿ ಕೊನೆಯ ಓಟ ಇವರದು. ಬ್ಯಾಟನ್ ಕೈಬದಲಾಗುವಾಗ ತಡವರಿಸಿತು, ಜರ್ಮನಿಯ ಹುಡುಗಿ ಮುಂದಾದಳು. ಅವಳನ್ನೂ ಹಿಂದೆ ಹಾಕಿ ಮೂರನೆಯ ಚಿನ್ನ.

ಎರಡೇ ವರ್ಷಕ್ಕೆ ಓಟ ನಿಲ್ಲಿಸಿ ಶಾಲೆಯಲ್ಲಿ ಪಾಠಕ್ಕೆ ನಿಂತರು. 1994ರಲ್ಲಿ, 54ನೇ ವಯಸ್ಸಿಗೆ, ಕ್ಯಾನ್ಸರ್‌ನಿಂದ ತೀರಿಕೊಂಡರು.

ನನಗೆ ರೋಮ್‌ಗಿಂತ ದೊಡ್ಡದಾಗಿ ಕಾಣುವುದು 1960ರ ಅಕ್ಟೋಬರ್ 4. ಊರಿಗೆ ಮರಳುವ ಮಗಳಿಗೆ ಮೆರವಣಿಗೆ, ಔತಣ ಎಲ್ಲ ನಿಗದಿಯಾಗಿತ್ತು. ಅಂದಿನ ರೂಢಿಯಂತೆ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ. ಹಾಗಿದ್ದರೆ ನಾನು ಬರುವುದಿಲ್ಲ ಎಂದರು ವಿಲ್ಮಾ. ಆಗ ಆಕೆಗೆ ಇಪ್ಪತ್ತೇ ವರ್ಷ. ಊರು ಮಣಿಯಿತು. ಬೀದಿಯ ಎರಡೂ ಬದಿಗೆ ಎಲ್ಲರೂ ಬೆರೆತು ನಿಂತರು. ಪಂಕ್ತಿಭೇದ ಎಂದರೇನೆಂದು ನಮಗೆ ಬಿಡಿಸಿ ಹೇಳಬೇಕಿಲ್ಲ. ಆ ಸಂಜೆ ಕ್ಲಾರ್ಕ್ಸ್‌ವಿಲ್‌ನ ಕಪ್ಪು ಜನ, ಬಿಳಿಯರು ಒಂದೇ ಸೂರಿನಡಿ ಕೂತು ಉಂಡರು.